ಅಂಗೈ ಮೇಲಿನ ಮೊಸರು

ಮೊಣಕಾಲಿನ ಎಕ್ಸ್‌ರೇ ನೋಡಿದ ಫಿಸಿಯೋ, ಇನ್ನು ಮುಂದೆ ಕೋಲು ಹಿಡಿದು ನಡೆದರೆ ಒಳ್ಳೆಯದು ಎಂದು ಬಹಳ ನಯವಾಗಿ ಹೇಳಿದಳು. ಜಿಪಿಯಾಗಿ, ಅಂದರೆ ಬಡಾವಣೆಯ ಡಾಕ್ಟರಾಗಿ, ಇಪ್ಪತ್ತು ವರ್ಷಕ್ಕೂ ಮೇಲೆ ಇದೇ ಮಾತನ್ನು ಇದೇ ದನಿಯಲ್ಲಿ ಎಷ್ಟೋ ಜನಕ್ಕೆ ಹೇಳಿದವನು ನಾನು. ಅದು ನಮ್ಮ ಬಾಗಿಲಿಗೂ ಬರುತ್ತದೆಂದು ಯಾಕೋ ಅಂದುಕೊಂಡಿರಲಿಲ್ಲ. ಹೊಸದು ಯಾಕೆ, ಮನೆಯಲ್ಲೇ ಒಂದಿದೆಯಲ್ಲ ಎಂದು ಗ್ಯಾರೇಜಿಗೆ ಹೋದೆ. ಹಳೆಯ ಪೇಂಟ್ ಡಬ್ಬಿಗಳ ಹಿಂದೆ, ಮಗನ ಮುರಿದ ಸೈಕಲ್ಲಿನ ಪಕ್ಕದಲ್ಲಿ, ಅವ್ವನ ಊರುಗೋಲು ಗೋಡೆಗೆ ಒರಗಿ ನಿಂತಿತ್ತು. ಹಿಡಿಕೆಗೆ ಸುತ್ತಿದ ಬಿಳಿ ಬಟ್ಟೆಯ ಟೇಪು ಕಂದಾಗಿತ್ತು. ಮೂಗಿನ ಹತ್ತಿರ ತಂದೆ. ರಬ್ಬರ್ ಅಂಟಿನ ವಾಸನೆ, ಮೇಣದ ವಾಸನೆ... ಇಷ್ಟು ವರ್ಷವಾದರೂ ಹೋಗಿರಲಿಲ್ಲ.

ಆ ಟೇಪು ಸುತ್ತಿದವನು ನಮ್ಮ ಪಕ್ಕದ ಮನೆಯವನು. ಐಸ್ ಹಾಕಿ ಆಟಗಾರ. ಅವನ ಹೆಸರು ಬರೆಯುವುದಿಲ್ಲ. ಇಂಗ್ಲೆಂಡಿನ ಈ ನಾಟಿಂಗ್‌ಹ್ಯಾಮಿನಲ್ಲಿ ಆ ಹೆಸರಿನ ಅಂಗಿ ತೊಟ್ಟು ಮಂಜಿನ ಮೈದಾನಕ್ಕೆ ಹೋಗುವವರು ಇವತ್ತಿಗೂ ಇದ್ದಾರೆ, ಅವರ ನೆನಪನ್ನು ನಾನು ಕೆಡಿಸುವುದು ಬೇಡ.

ನಮ್ಮದು ಒಂದೇ ಗೋಡೆ ಹಂಚಿಕೊಂಡ ಜೋಡಿಮನೆ. ಗೋಡೆಯ ಆಚೆಯ ಅರ್ಧವನ್ನು ಊರಿನ ಐಸ್ ಹಾಕಿ ತಂಡದವರು ಹೊರದೇಶದಿಂದ ಕರೆಸಿದ ಆಟಗಾರರಿಗೆಂದು ಬಾಡಿಗೆಗೆ ಹಿಡಿದಿದ್ದರು. ಆಗಸ್ಟಿನಲ್ಲಿ ಒಬ್ಬ ಬರುತ್ತಿದ್ದ, ಏಪ್ರಿಲ್‌ನಲ್ಲಿ ಹೋಗುತ್ತಿದ್ದ. ಮುಂದಿನ ಆಗಸ್ಟಿಗೆ ಇನ್ನೊಬ್ಬ. ನಾಲ್ಕಾರು ಜನ ಹೀಗೆ ಬಂದು ಹೋದಮೇಲೆ ನಾವು ಹೆಸರು ಕೇಳುವುದನ್ನೂ ಬಿಟ್ಟಿದ್ದೆವು. ಇವನೂ ಹಾಗೇ ಹೋಗುತ್ತಾನೆ ಎಂದುಕೊಂಡಿದ್ದೆ. ಅವನು ಹೆಂಡತಿ ಮತ್ತು ಎರಡು ವರ್ಷದ ಮಗಳ ಜೊತೆ ಬಂದ, ಆರು ವರ್ಷ ಇದ್ದ.

ಕೆನಡಾದ ಬಯಲುಸೀಮೆಯವನು. ಗೋಧಿ ಬಿಟ್ಟರೆ ಬೇರೇನೂ ಇಲ್ಲದ ಊರಂತೆ. ಚಳಿಗಾಲ ಬಂತೆಂದರೆ ಅಪ್ಪ ಹಿತ್ತಲಿಗೆ ಪೈಪಿನಿಂದ ನೀರು ಬಿಡುತ್ತಿದ್ದ, ಮರುದಿನಕ್ಕೆ ಅದು ಹೆಪ್ಪುಗಟ್ಟಿ ಮೈದಾನವಾಗುತ್ತಿತ್ತು, ಇವನೂ ಅಣ್ಣನೂ ಶಾಲೆಗೆ ಹೋಗುವ ಮುಂಚೆ ಅಲ್ಲಿ ಆಡುತ್ತಿದ್ದರು. ಹದಿನಾರಕ್ಕೆ ಆಟಕ್ಕಾಗಿ ಮನೆ ಬಿಟ್ಟ. ದೊಡ್ಡ ಲೀಗಿನ ತಂಡವೊಂದು ಆರಿಸಿಕೊಂಡಿತು, ಆದರೆ ಮೇಲೆ ಕರೆದು ಆಡಿಸಿದ್ದು ಬೆರಳೆಣಿಕೆಯಷ್ಟು ಪಂದ್ಯ ಮಾತ್ರ. ಉಳಿದ ವರ್ಷಗಳೆಲ್ಲ ಕೆಳಗಿನ ಲೀಗುಗಳಲ್ಲಿ, ಬಸ್ಸುಗಳಲ್ಲಿ ಕಳೆದವು. ಗೋಲಿನ ಮೇಲೆ ಗೋಲು ಹೊಡೆದರೂ ಮೇಲಿನಿಂದ ಮತ್ತೆ ಫೋನು ಬರಲಿಲ್ಲ. ಆಮೇಲೆ ಜರ್ಮನಿ, ಆಮೇಲೆ ಇಲ್ಲಿ. ದೊಡ್ಡ ಲೀಗಿನಲ್ಲಿ ಜಾಗ ಸಿಗದವರಿಗೆ ಇಂಗ್ಲೆಂಡು ಕೊನೆಯ ಸ್ಟಾಪು ಎಂದು ಅವನೇ ನಗುತ್ತಿದ್ದ. ಸರ್ಜನ್ ಆಗುತ್ತೇನೆಂದು ಹುಬ್ಬಳ್ಳಿಯಿಂದ ಬಂದು, ಟ್ರೇನಿಂಗ್ ಪೋಸ್ಟು ಸಿಗದೆ ಜಿಪಿ ಆದ ನನಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬೇಲಿಯ ಎರಡೂ ಕಡೆ ಒಂದೇ ಬೆಳೆ ಎಂದು ನಮ್ಮಿಬ್ಬರಿಗೂ ಬೇಗ ಗೊತ್ತಾಯಿತು.

ಕ್ರಿಕೆಟ್ ನೋಡಿ ಬೆಳೆದವನಿಗೆ ಆ ಆಟ ಮೊದಮೊದಲು ತಲೆಗೆ ಹತ್ತಲಿಲ್ಲ. ಚೆಂಡಿನ ಬದಲು ಕರಿ ರಬ್ಬರಿನ ಬಿಲ್ಲೆ, ಅದು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಗೋಲಾಗಿ ಜನ ಎದ್ದು ನಿಂತಿರುತ್ತಿದ್ದರು. ಅವನು ವಿಂಗರ್. ಅಂದರೆ ಮೈದಾನದ ಅಂಚಿನಲ್ಲಿ, ಹಲಗೆಗೋಡೆಯ ಪಕ್ಕದಲ್ಲೇ ಓಡುವವನು. ನಡುವೆ ಜಗಳವಾಡುವವರು ಆಡಿಕೊಳ್ಳಲಿ, ನನ್ನ ಕೆಲಸ ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಬರುವುದು ಅಷ್ಟೇ ಎನ್ನುತ್ತಿದ್ದ. ಬರುತ್ತಿದ್ದ ಕೂಡ. ಮೊದಲ ಮೂರು ಸೀಸನ್ನಿನಲ್ಲೂ ನಮ್ಮ ತಂಡದಲ್ಲಿ ಅವನಷ್ಟು ಗೋಲು ಹೊಡೆದವರಿಲ್ಲ. ನನ್ನ ಕ್ಲಿನಿಕ್ಕಿಗೆ ಸೊಂಟ ನೋವೆಂದು ಬರುವ ಎಂಬತ್ತರ ಅಜ್ಜಿಯರು ಹತ್ತು ನಿಮಿಷದ ಅಪಾಯಿಂಟ್‌ಮೆಂಟಿನಲ್ಲಿ ಆರು ನಿಮಿಷ ಅವನ ಬಗ್ಗೆಯೇ ಮಾತಾಡುತ್ತಿದ್ದರು. ನೀವು ಅವನ ಪಕ್ಕದ ಮನೆಯವರಂತೆ ಎಂದು ನನ್ನನ್ನೂ ಸ್ವಲ್ಪ ಗೌರವದಿಂದ ನೋಡುತ್ತಿದ್ದರು. ನನಗೂ ಅದು ಹಿಡಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಎಲ್ಲರ ತಾಯಂದಿರೂ ಬೇಸಿಗೆಗೆ ಬಂದರೆ ನನ್ನ ಅವ್ವ ಚಳಿಗಾಲಕ್ಕೇ ಬರುತ್ತಿದ್ದಳು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಚಳಿಗಾಲದ ಡ್ಯೂಟಿ ಪಾಳಿ ಎಂದರೆ ಮನೆಗೆ ನೆಂಟಳಂತೆ ಬಂದು ಹೋಗುವುದು. ಮಗನನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಗಣಪತಿ ಮುಗಿಸಿಕೊಂಡು ಆರು ತಿಂಗಳ ವಿಸಿಟರ್ ವೀಸಾದಲ್ಲಿ ಬರುವಳು, ಯುಗಾದಿಗೆ ಮುಂಚೆ ಹುಬ್ಬಳ್ಳಿಗೆ ಮರಳುವಳು. ಹೆಚ್ಚುಕಡಿಮೆ ಐಸ್ ಹಾಕಿ ಸೀಸನ್ನೂ ಅಷ್ಟೇ ದಿನದ್ದು. ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅವನಿಗೆ ಕನ್ನಡ ಎಲ್ಲಿಂದ ಬರಬೇಕು. ಆದರೂ ಬೇಲಿಯ ಬಳಿ ನಿಂತು ಅವಳು ಧಾರವಾಡದ ಕನ್ನಡದಲ್ಲಿ, ಅವನು ಕೆನಡಾದ ಇಂಗ್ಲಿಷಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಮಾತಾಡುತ್ತಿದ್ದರು. ಏನು ಮಾತಾಡಿದಿರಿ ಎಂದು ಕೇಳಿದರೆ ಇಬ್ಬರೂ ಹೇಳುತ್ತಿದ್ದುದು ತಾಳೆಯಾಗುತ್ತಿರಲಿಲ್ಲ. ನನ್ನ ಮಗನನ್ನು ನೋಡಿ ಅವನೂ ಅವಳನ್ನು ಅಜ್ಜಿ ಎನ್ನುತ್ತಿದ್ದ. ಅವಳಿಗೆ ಅವನು ತಮ್ಮ.

ಒಂದು ದಿನ ಅವ್ವ ಉಣ್ಣೆಯ ಕೈಗವಸು ಹಾಕಿಕೊಂಡು ಕೋಲು ಹಿಡಿದು ಹೊರಟಿದ್ದಳು, ಹಿಡಿಕೆ ಜಾರಿ ಬೀಳುವಂತಾದಳು. ನೋಡಿದವನು ಬಂದು ಕೋಲು ಇಸಿದುಕೊಂಡು ತನ್ನ ಗ್ಯಾರೇಜಿಗೆ ಹೋದ. ನಾನೂ ಹಿಂದೆ ಹೋದೆ. ತನ್ನ ಆಟದ ಕೋಲಿಗೆ ಹೇಗೋ ಹಾಗೇ, ಮೊದಲು ಟೇಪನ್ನು ಹುರಿಯಂತೆ ಹೊಸೆದು ಓರೆಯಾಗಿ ಸುತ್ತಿದ, ಅದರ ಮೇಲೆ ಬಿಳಿ ಟೇಪನ್ನು ಒಂದರ ಮೇಲೊಂದು ಅರ್ಧರ್ಧ ಬರುವಂತೆ ಸುತ್ತಿದ, ಮೇಣ ತಿಕ್ಕಿದ. ಅಷ್ಟು ಹೊತ್ತೂ ಉಸಿರು ಬಿಗಿಹಿಡಿದವನಂತಿದ್ದ. ಈ ಟೇಪನ್ನು ಬೇರೆಯವರ ಕೈಗೆ ಕೊಡುವುದಿಲ್ಲ, ಬೇರೆಯವರು ಸುತ್ತಿದರೆ ಗೋಲು ಬರುವುದಿಲ್ಲ ಎಂದ. ಅವ್ವ ಆ ಕೋಲನ್ನು ನಮ್ಮ ಕನ್ನಡ ಕೂಟದ ದೀಪಾವಳಿಗೆ ತಂದು ಎಲ್ಲರಿಗೂ ಹಿಡಿದು ನೋಡಲು ಕೊಟ್ಟಳು. ಡಾಕ್ಟರುಗಳ ತಾಯಂದಿರೆಲ್ಲ ಸಾಲಾಗಿ ಹಿಡಿದು ನೋಡಿದರು.

ಅಂಥ ನಂಬಿಕೆಗಳು ಅವನಿಗೆ ಒಂದಲ್ಲ ಹತ್ತು. ಎಡಗಾಲಿನ ಸ್ಕೇಟನ್ನೇ ಮೊದಲು ಕಟ್ಟಬೇಕು. ಪಂದ್ಯದ ದಿನ ಒಂದೇ ದಾರಿಯಲ್ಲಿ ಹೋಗಬೇಕು. ಇಂಥದ್ದನ್ನು ಹೊರಗೆ ಹೇಳಿದರೆ ಫಲ ಹೋಗುತ್ತದೆ, ಆದ್ದರಿಂದ ಹೆಂಡತಿಗೂ ಹೇಳಬಾರದು. ಇದಕ್ಕೆ ಅವ್ವ ತನ್ನದೊಂದನ್ನು ಸೇರಿಸಿದಳು. ನಮ್ಮ ಕಡೆ ಊರಿಗೋ ಪರೀಕ್ಷೆಗೋ ಹೊರಟವರ ಬಲ ಅಂಗೈ ಮೇಲೆ ಒಂದು ಚಮಚ ಮೊಸರು ಹಾಕುತ್ತಾರೆ, ಅವರು ಅದನ್ನು ಹಾಗೇ ಕುಡಿದು ಹಿಂದೆ ನೋಡದೆ ಹೊರಡುತ್ತಾರೆ. ಮೊದಲ ಚಳಿಗಾಲದ ಒಂದು ಭಾನುವಾರ, ಸತತ ನಾಲ್ಕು ಪಂದ್ಯದಲ್ಲಿ ಗೋಲಿಲ್ಲದೆ ಮುಖ ಸಣ್ಣದು ಮಾಡಿಕೊಂಡು ಅವನು ಕಾರಿಗೆ ಸಾಮಾನು ತುಂಬುತ್ತಿದ್ದಾಗ ಅವ್ವ ಬಟ್ಟಲು ಹಿಡಿದು ಹೋಗಿ ಅವನ ಕೈ ಹಿಡಿದು ಮೊಸರು ಹಾಕಿದಳು. ಅವನು ನನ್ನ ಕಡೆ ನೋಡಿದ, ಕುಡಿಯಬೇಕು ಎಂದೆ. ಕುಡಿದ. ಅವತ್ತು ಮೂರು ಗೋಲು ಹೊಡೆದ.

ಮುಗಿಯಿತು. ಅಲ್ಲಿಂದ ಮುಂದೆ ಊರಲ್ಲಿ ಆಟವಿದ್ದ ಪ್ರತಿ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಹಿಂಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಅವನ ಹೆಂಡತಿ ಆ ಹೊತ್ತಿಗೆ ಮಗಳನ್ನು ಈಜಿಗೆ ಕರೆದುಕೊಂಡು ಹೋಗಿರುತ್ತಿದ್ದಳು. ಬಾಗಿಲು ತೆರೆದಾಗ ಮಾತಿಲ್ಲ. ಆರಡಿ ಎರಡಂಗುಲದ ದೇಹ, ಮುಂದೆ ಚಾಚಿದ ಬಲಗೈ. ಅವ್ವ ಮೊಸರು ಹಾಕುವಳು, ಅವನು ಹೀರುವನು, ತಿರುಗಿ ನೋಡದೆ ಹೋಗುವನು. ಅವ್ವ ಹುಬ್ಬಳ್ಳಿಯಲ್ಲಿರುವ ತಿಂಗಳುಗಳಲ್ಲಿ ಅವನಿಗೆ ಗೋಲು ಕಡಿಮೆ ಎಂದು ನನ್ನ ಮಗ ಅಂತರ್ಜಾಲದಲ್ಲಿ ಹುಡುಕಿ ತೋರಿಸಿದ್ದ. ಆ ತಿಂಗಳುಗಳಲ್ಲಿ ಆಟವೇ ಕಡಿಮೆ ಎಂದು ನಾನು ಹೇಳಲಿಲ್ಲ.

ಈಗ ಐಎಲ್‌ಆರ್ ವಿಷಯ ಹೇಳಬೇಕು. ಕೆಲಸದ ವೀಸಾದ ಮೇಲೆ ಐದು ವರ್ಷ ಒಂದೂ ಕೊಂಡಿ ತಪ್ಪದಂತೆ ಇದ್ದರೆ, ಯಾರ ಹಂಗೂ ಇಲ್ಲದೆ ಇಲ್ಲೇ ಉಳಿಯಬಹುದು ಎಂದು ಸರ್ಕಾರ ಕೊಡುವ ಅನುಮತಿ ಅದು. ನನ್ನ ಕಾಲಕ್ಕೆ ನಾಲ್ಕು ವರ್ಷವಿತ್ತು. ಇಲ್ಲಿಗೆ ಬಂದ ನಮ್ಮವರಲ್ಲಿ ಆ ದಿನಗಳನ್ನು ಬೆರಳು ಮಡಚಿ ಎಣಿಸದವರು ಯಾರೂ ಇಲ್ಲ. ಹೊಸದಾಗಿ ಬಂದ ಹುಡುಗರಿಗೆ ಕನ್ನಡ ಕೂಟದ ಹಿರಿಯರು ಹೇಳುವ ಮೊದಲ ಬುದ್ಧಿಮಾತೇ ಅದು: ಐಎಲ್‌ಆರ್ ಆಗುವವರೆಗೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡು, ಆಮೇಲೆ ಕಾಯಿಲೆ ಬೀಳು. ನಾನಂತೂ ಎದೆಯಲ್ಲಿ ಕಫ ಕಟ್ಟಿ, ಮೈ ಸುಡುವ ಜ್ವರದಲ್ಲಿ, ಪೂರ್ವದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಒಂಬತ್ತು ದಿನ ಯಾರಿಗೂ ಹೇಳದೆ ವಾರ್ಡು ಸುತ್ತಿದ್ದೆ. ಆರಾರು ತಿಂಗಳ ಕೆಲಸ, ರಜೆ ಹಾಕಿದರೆ ಮುಂದಿನದು ಸಿಗುತ್ತದೋ ಇಲ್ಲವೋ ಎಂಬ ಭಯ. ನನ್ನಿಂದ ಎಷ್ಟು ರೋಗಿಗಳಿಗೆ ತಗುಲಿತೋ ದೇವರಿಗೇ ಗೊತ್ತು. ಆದರೆ ಈ ಕಥೆಯನ್ನು ನಾನು ದೊಡ್ಡ ಶೌರ್ಯ ಮಾಡಿದವನಂತೆ ಬೇಸಿಗೆಯ ಊಟಗಳಲ್ಲಿ ಎಲ್ಲರಿಗೂ ಹೇಳುತ್ತಿದ್ದೆ. ಪಕ್ಕದ ಮನೆಯವನೂ ಕೇಳಿದ್ದ, ಒಂದಲ್ಲ ಎರಡು ಬಾರಿ.

ಅವನಿಗೂ ಐಎಲ್‌ಆರ್ ಬೇಕಿತ್ತು. ವಯಸ್ಸು ಮೂವತ್ತನಾಲ್ಕು. ಇನ್ನೆರಡು ವರ್ಷ ಆಡಬಹುದು, ಆಮೇಲೆ? ಊರಿಗೆ ಹೋದರೆ ಅಣ್ಣನ ಗೋಧಿ ಗೋದಾಮಿನಲ್ಲಿ ಲಾರಿ ಎಣಿಸಬೇಕು. ಇಲ್ಲಿ ಮಕ್ಕಳಿಗೆ ಹಾಕಿ ಕಲಿಸುವ ಕೆಲಸ ಕೊಡುತ್ತೇನೆಂದು ಒಬ್ಬರು ಮಾತು ಕೊಟ್ಟಿದ್ದರು, ಆದರೆ ಆಟಗಾರನ ವೀಸಾದಲ್ಲಿ ಆ ಕೆಲಸಕ್ಕೆ ಸೇರುವಂತಿರಲಿಲ್ಲ. ಹೆಂಡತಿ ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್ ಆಗಿ ನೆಲೆ ಕಂಡುಕೊಂಡಿದ್ದಳು. ಮಗಳು ಆಗಲೇ ನಾಟಿಂಗ್‌ಹ್ಯಾಮಿನ ಮಾತು ಆಡುತ್ತಿದ್ದಳು. ಮುಂದಿನ ಆಗಸ್ಟಿಗೆ ಐದು ವರ್ಷ. ಅದಕ್ಕೆ ಮುಂಚೆ, ಮಾರ್ಚಿನಲ್ಲಿ, ತಂಡದವರು ಮುಂದಿನ ಸೀಸನ್ನಿನ ಕರಾರು ಕೊಡಬೇಕು. ಕೊಡದಿದ್ದರೆ ವೀಸಾ ಮಧ್ಯದಲ್ಲೇ ನಿಂತುಹೋಗುತ್ತದೆ, ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

ಆ ಐದನೆಯ ವರ್ಷದ ಜನವರಿಯ ಮೊದಲ ವಾರ, ದೂರದ ಊರಿನ ಪಂದ್ಯವೊಂದರಲ್ಲಿ ಅವನ ತಲೆ ಹಲಗೆಗೋಡೆಗೆ ಬಡಿಯಿತು. ಯಾರೂ ಹೊಡೆದದ್ದಲ್ಲ, ತಾನೇ ಆಯ ತಪ್ಪಿದ್ದು. ಎದ್ದ, ಆಡಿದ, ಭುಜಕ್ಕೆ ಸ್ವಲ್ಪ ಪೆಟ್ಟಾಗಿದೆ ಎಂದು ತಂಡದ ಫಿಸಿಯೋಗೆ ಹೇಳಿದ. ಎರಡು ದಿನ ಬಿಟ್ಟು ಮಧ್ಯಾಹ್ನ ಕಸದ ಬಿನ್ ಹೊರಗಿಡಲು ಹೋದಾಗ ಅವನ ಗ್ಯಾರೇಜಿನ ಬಾಗಿಲು ಅರ್ಧ ಎಳೆದಿತ್ತು. ಒಳಗೆ ದೀಪವಿಲ್ಲ. ಮಡಚುವ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ಮಗಳ ಶಾಲೆ ಬಿಡುವ ಹೊತ್ತು ಎಷ್ಟೆಂದು ನನ್ನನ್ನು ಕೇಳಿದ. ದಿನಾ ಅವನೇ ಹೋಗಿ ಕರೆತರುತ್ತಿದ್ದ ಶಾಲೆ.

ನಾನು ಅಲ್ಲೇ ನಿಲ್ಲಿಸಿ ನೋಡಿದೆ. ಒಂದು ಪಾದದ ಮುಂದೆ ಇನ್ನೊಂದಿಟ್ಟು ಕಣ್ಣು ಮುಚ್ಚಿ ನಿಲ್ಲು ಎಂದೆ, ತೂಗಾಡಿದ. ಐದು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ, ಎರಡು ಹೇಳಿದ. ನನಗೆ ಆಮೇಲೆ ಯಾವ ಅನುಮಾನವೂ ಉಳಿಯಲಿಲ್ಲ. ಮಿದುಳಿಗೆ ಪೆಟ್ಟಾಗಿದೆ, ಇದು ವಾಸಿಯಾಗುವ ಮುಂಚೆ ಇನ್ನೊಂದು ಬಿದ್ದರೆ ಏನಾಗುತ್ತದೋ ಹೇಳಲಾಗದು, ಇವತ್ತೇ ತಂಡದ ಡಾಕ್ಟರಿಗೆ ಹೇಳು ಎಂದೆ. ಅವನು ಕನ್ನಡಕ ತೆಗೆದು ನನ್ನನ್ನೇ ನೋಡಿದ.

“ನಿಮಗೆ ಜ್ವರ ಬಂದಾಗ ನೀವು ಯಾರಿಗೆ ಹೇಳಿದ್ರಿ, ಡಾಕ್?” ಎಂದ.

ಒಂಬತ್ತು ವಾರ, ಮಾರ್ಚಿನ ಕರಾರು ಕೈಗೆ ಬರಲಿ, ಆಮೇಲೆ ನಾನೇ ಹೇಳುತ್ತೇನೆ ಎಂದ. ಅವನು ನನ್ನ ರೋಗಿಯಲ್ಲ, ಬೇರೆ ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿದ್ದ. ಬೇಲಿ ಬಳಿ, ಗ್ಯಾರೇಜಿನಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಸ್ವಲ್ಪ ನೋಡಿ ಹೇಳಿ ಎಂದು ಕೇಳುವವರು, ನೋಡಿ ಹೇಳಿ ಮರೆತುಬಿಡುವ ನಾವು, ಇದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಕಾಗದವಿಲ್ಲ, ದಾಖಲೆಯಿಲ್ಲ. ಅದರ ಹಿಂದೆ ನಾನು ಅವಿತುಕೊಂಡೆ. ಬಿಸಿ ತುಪ್ಪ ಬಾಯಿಗಿಟ್ಟುಕೊಂಡಂತೆ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಆದಷ್ಟು ನೀರು ಕುಡಿ, ನಿದ್ದೆ ಮಾಡು ಎಂದು ಹೇಳಿ ಬಂದೆ. ಡಾಕ್ಟರಾಗಿ ನಾನು ಕೊಟ್ಟ ಅತ್ಯಂತ ನಾಚಿಕೆಗೇಡಿನ ಸಲಹೆ ಅದು.

ಅವ್ವನಿಗೆ ನಾನೇನೂ ಹೇಳಿರಲಿಲ್ಲ. ಸಂಕ್ರಾಂತಿಯ ದಿನ ಅವಳು ಎಳ್ಳು ಬೆಲ್ಲ ಕೊಡಲು ಹೋದಳು. ನಾಲ್ಕು ವರ್ಷದಿಂದ ಕೇಳಿ ಇಸಿದುಕೊಂಡು ತಿಂದವನು ಅವತ್ತು ಇದೇನು ಎಂದು ಕೇಳಿದನಂತೆ. ಅವಳು ಬಾಯಿಗೆ ಹಾಕಿಕೊಂಡು ತೋರಿಸಿದಳು. ತಿಂದ. ಮತ್ತೆ ಕೇಳಿದ. ಮತ್ತೂ ಒಮ್ಮೆ ಕೇಳಿದ. ಭಾಷೆ ಬಾರದವಳಿಗೆ ಮುಖ ಓದುವುದು ಚೆನ್ನಾಗಿ ಗೊತ್ತಿತ್ತು. ಬಂದವಳೇ ಅಡುಗೆಮನೆಯಲ್ಲಿ ಕೂತು ಇಷ್ಟನ್ನೂ ನನಗೆ ಹೇಳಿದಳು.

ಅದರ ಮರು ಭಾನುವಾರ ಊರಿನಲ್ಲೇ ಪಂದ್ಯವಿತ್ತು. ಊಟದ ಹೊತ್ತಿಗೆ ಅವನು ಹಿಂಬಾಗಿಲಿಗೆ ಬಂದ. ಮೋಡ ಕವಿದ ದಿನ, ಕಪ್ಪು ಕನ್ನಡಕ ಹಾಕಿದ್ದ. ಬಲಗೈ ಚಾಚಿದ. ಅವ್ವ ಬಟ್ಟಲು ತೆಗೆದುಕೊಳ್ಳಲಿಲ್ಲ. ಅವನ ಮುಖವನ್ನೇ ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿದಳು.

“ಇವತ್ತ ನಾ ಹಾಕೂದಿಲ್ಲ. ಮೊಸರು ಹಾಕೂದು ಹೋಗು ಅನ್ನಲಿಕ್ಕೆ ಅಲ್ಲ, ತಿರುಗಿ ಬಾ ಅನ್ನಲಿಕ್ಕೆ. ಈ ತಲಿ ತೊಗೊಂಡು ಹೋದಾಂವ ಹ್ಯಾಂಗ ತಿರುಗಿ ಬರ್ತಾನ? ಅವಂಗ ಹೇಳು.”

ಅವಂಗ ಹೇಳು ಎಂದಳು. ಹೇಳಿದ್ದರೆ... ಆ ಮನುಷ್ಯನಿಗೆ ನನ್ನ ವೈದ್ಯಕೀಯಕ್ಕಿಂತ ಅವ್ವನ ಮೊಸರಿನ ಮೇಲೆ ಹೆಚ್ಚು ನಂಬಿಕೆಯಿತ್ತು. ಅಜ್ಜಿ ಬೇಡ ಅನ್ನುತ್ತಿದ್ದಾಳೆ ಎಂದು ನಾನು ಇಂಗ್ಲಿಷಿನಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಅವನು ಅವತ್ತು ಆಡುತ್ತಿರಲಿಲ್ಲ, ಇದು ನನಗೆ ಗಟ್ಟಿಯಾಗಿ ಗೊತ್ತು. ಅವನು ಕೈ ಚಾಚಿಕೊಂಡೇ ನಿಂತಿದ್ದ. ಅವಳಿಗೇನಾಯಿತು ಎಂದು ನನ್ನನ್ನು ಕೇಳಿದ. ನನ್ನ ಕಣ್ಣ ಮುಂದೆ ಮಾರ್ಚಿನ ಕರಾರು, ಆಗಸ್ಟ್, ಅವನ ಮಗಳ ಶಾಲೆಯ ಸ್ವೆಟರು, ನನ್ನ ಹಳೆಯ ಪಾಸ್‌ಪೋರ್ಟಿನ ಐಎಲ್‌ಆರ್ ಠಸ್ಸೆ ಎಲ್ಲ ಒಟ್ಟಿಗೇ ಬಂದವು.

“ಅವ್ವನಿಗೆ ಇವತ್ತು ಹುಷಾರಿಲ್ಲ,” ಎಂದೆ. “ನಾನು ಹಾಕ್ತೀನಿ.”

ಫ್ರಿಜ್ಜಿನಿಂದ ಮೊಸರು ತೆಗೆದೆ, ಚಮಚದಲ್ಲಿ ಅವನ ಅಂಗೈಗೆ ಹಾಕಿದೆ. ಹೀರಿ, ತಿರುಗಿ ನೋಡದೆ ಹೋದ. ಅವ್ವ ಟೇಪು ಸುತ್ತಿದ ಕೋಲು ಊರಿಕೊಂಡು ಮೆಟ್ಟಿಲು ಹತ್ತಿ ಮೇಲೆ ಹೋದಳು. ಅವತ್ತು ಊಟಕ್ಕೆ ಇಳಿದು ಬರಲಿಲ್ಲ.

ಅವತ್ತು ಅವನು ಎರಡು ಗೋಲು ಹೊಡೆದ. ನಾನೂ ಮಗನೂ ಸ್ಟ್ಯಾಂಡಿನಲ್ಲಿದ್ದೆವು. ಎರಡನೆಯದು ಬಿದ್ದಾಗ ಸುತ್ತಲಿದ್ದವರ ಜೊತೆ ನಾನೂ ಎದ್ದು ಕೂಗಿದೆ. ನೋಡಿದೆಯಾ, ಏನೂ ಆಗಲಿಲ್ಲ ಎಂದು ಮನಸ್ಸಿನಲ್ಲೇ ಅವ್ವನಿಗೆ ಹೇಳಿದೆ. ಏನೂ ಆಗಲಿಲ್ಲ ಎಂಬುದು ಎಂಥ ಮೋಸದ ಮಾತೆಂದು ನನ್ನ ರೋಗಿಗಳಿಗೆ ದಿನಾ ಹೇಳುವವನು ನಾನೇ. ಆಮೇಲಿನ ಭಾನುವಾರಗಳಲ್ಲಿ ಅವನು ಬಂದಾಗಲೆಲ್ಲ ನಾನೇ ಮೊಸರು ಹಾಕಿದೆ. ಅವನು ಬರುವ ಹೊತ್ತಿಗೆ ಅವ್ವ ಮಹಡಿಯ ಮೇಲಿರುತ್ತಿದ್ದಳು. ಆ ವಾರಗಳಲ್ಲಿ ಅವನ ತಲೆ ಇನ್ನೆಷ್ಟು ಬಾರಿ ಹಲಗೆಗೆ ಬಡಿಯಿತೋ ನಾನು ಎಣಿಸಲಿಲ್ಲ. ಮಾರ್ಚಿನಲ್ಲಿ ಕರಾರು ಬಂತು. ಆಮೇಲೆ ಹೇಳುತ್ತೇನೆ ಎಂದಿದ್ದವನು ಹೇಳಲಿಲ್ಲ, ನಾನೂ ನೆನಪಿಸಲಿಲ್ಲ. ಅವ್ವ ಯುಗಾದಿಗೆ ಹೊರಟಳು. ಮುಂದಿನ ವರ್ಷಕ್ಕಿರಲಿ ಎಂದು ಕೋಲನ್ನು ಗ್ಯಾರೇಜಿನಲ್ಲಿಟ್ಟಳು. ಏರ್‌ಪೋರ್ಟಿಗೆ ಹೊರಡುವಾಗ ಅವಳ ಅಂಗೈಗೆ ನಾನು ಮೊಸರು ಹಾಕಲು ಹೋದೆ, ಬ್ಯಾಡ ಬಿಡು ಎಂದಳು.

ಆಗಸ್ಟಿನಲ್ಲಿ ಅವನ ಐಎಲ್‌ಆರ್ ಆಯಿತು. ನಮ್ಮ ಮನೆಯಲ್ಲೇ ಊಟ ಹಾಕಿದೆವು. ಅನುಮತಿಯ ಗುಲಾಬಿ ಬಣ್ಣದ ಸಣ್ಣ ಕಾರ್ಡನ್ನು ಅವನು ಎಲ್ಲರಿಗೂ ತೋರಿಸಿದ. ನನಗೆ ಮೂರು ಸಲ ತೋರಿಸಿದ, ಪ್ರತಿ ಸಲವೂ ಮೊದಲ ಸಲದಂತೆ.

ಆರನೆಯ ಸೀಸನ್ನು ಶುರುವಾಗಿ ದೀಪಾವಳಿ ಬರುವ ಮುಂಚೆಯೇ ಅವನ ಆಟ ನಿಂತಿತು. ಬಿಲ್ಲೆ ಎರಡಾಗಿ ಕಾಣುತ್ತದೆ ಎಂದು ಕೊನೆಗೆ ಅವನೇ ಬಾಯಿ ಬಿಟ್ಟ. ತಂಡದವರು ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು, ಸ್ಕ್ಯಾನು, ತಜ್ಞರು, ಮಾಡುವುದನ್ನೆಲ್ಲ ಮಾಡಿದರು. ಅವನ ಆಟದ ಬದುಕು ಒಂದು ಬುಧವಾರ ಬೆಳಿಗ್ಗೆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಮುಗಿಯಿತು. ಹೊಸ ವರ್ಷಕ್ಕೆ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಸೇರಿದ, ಯಾವುದಕ್ಕಾಗಿ ಅಷ್ಟೆಲ್ಲ ಮಾಡಿದನೋ ಅದೇ ಕೆಲಸ. ಮಂಜಿನ ಮೇಲಿನ ಬೆಳಕು, ಮಕ್ಕಳ ಕೂಗು ಎರಡನ್ನೂ ಅವನಿಂದ ತಡೆಯಲಾಗಲಿಲ್ಲ. ಹೆಸರುಗಳು ನೆನಪಿನಲ್ಲಿ ನಿಲ್ಲಲಿಲ್ಲ. ಒಮ್ಮೆ ಒಂದು ಮಗುವಿನ ಮೇಲೆ ರೇಗಿ, ಆಮೇಲೆ ಕಾರಿನಲ್ಲಿ ಕೂತು ಅತ್ತನಂತೆ. ಮೂರು ವಾರಕ್ಕೆ ಬಿಟ್ಟ. ಗೋಡೆಯ ಆಚೆಯಿಂದ ಬಾಗಿಲು ಬಡಿಯುವ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ... ಹುಬ್ಬಳ್ಳಿಯಿಂದ ಅವ್ವ ಫೋನಿನಲ್ಲಿ ಪ್ರತಿ ವಾರ ಕೇಳುತ್ತಿದ್ದಳು, ಆ ತಮ್ಮ ಹ್ಯಾಂಗ ಇದ್ದಾನ? ಚಲೋ ಇದ್ದಾನ ಎನ್ನುತ್ತಿದ್ದೆ. ಅವಳು ಆ ಚಳಿಗಾಲ ಬರಲಿಲ್ಲ, ಮುಂದೆಯೂ ಬರಲಿಲ್ಲ. ಕಾಲು ನೋವು ಎಂದಳು. ಅವಳು ತೀರಿಕೊಂಡಾಗ ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವನು ಕೆಲಸ ಬಿಟ್ಟ ವರ್ಷದ ವಸಂತದಲ್ಲೇ ಅವರು ಮನೆ ಖಾಲಿ ಮಾಡಿದರು. ಅವನನ್ನು ಅಣ್ಣನ ಊರಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. ಎರಡು ವರ್ಷ ದೇಶದ ಹೊರಗಿದ್ದರೆ ಐಎಲ್‌ಆರ್ ತಾನಾಗಿಯೇ ಹೋಗುತ್ತದೆ, ಅದು ಅವನ ಹೆಂಡತಿಗೂ ಗೊತ್ತಿತ್ತು ನನಗೂ ಗೊತ್ತಿತ್ತು. ಅವಳು ಬೀಗದ ಕೈ ಕೊಡಲು ನಮ್ಮ ಬಾಗಿಲಿಗೆ ಬಂದಳು. ಒಂದು ವಿಷಯ ಹೇಳಿದಳು: ತಂಡದವರು ಹಿಂದಿನ ವರ್ಷದ ಆ ಮಾರ್ಚಿನ ಕರಾರನ್ನು, ಅವನ ತಲೆಗೆ ಪೆಟ್ಟಾಗುವ ಮೊದಲೇ, ಕ್ರಿಸ್‌ಮಸ್‌ಗೆ ಮುಂಚೆಯೇ ತೀರ್ಮಾನ ಮಾಡಿದ್ದರಂತೆ. ಸೀಸನ್ ಪೂರ್ತಿ ಮನೆಯಲ್ಲಿ ಮಲಗಿದ್ದರೂ ಕೊಡುತ್ತಿದ್ದರಂತೆ. ಅವನು ಕೇಳಲಿಲ್ಲ, ಅವರು ಹೇಳಲಿಲ್ಲ. ಆಮೇಲೆ ನನ್ನನ್ನು ಕೇಳಿದಳು.

“ನೀವು ಡಾಕ್ಟರು, ದಿನಾ ನೋಡ್ತಿದ್ರಿ. ಆ ಚಳಿಗಾಲ ನಿಮಗೇನೂ ಗೊತ್ತಾಗ್ಲಿಲ್ವಾ?”

ಇಲ್ಲ, ಎಂದೆ. ಬಹಳ ಚೆನ್ನಾಗಿ ಮುಚ್ಚಿಟ್ಟಿದ್ದ ಎಂದೆ. ಅವಳು ನನ್ನ ತೋಳು ಮುಟ್ಟಿ, ನನಗೇ ಗೊತ್ತಾಗಲಿಲ್ಲ, ನೀವು ಬೇಜಾರು ಮಾಡಿಕೊಳ್ಳಬೇಡಿ ಎಂದು ಸಮಾಧಾನ ಮಾಡಿ ಹೋದಳು. ಅವನು ಕಾರಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ಕೈ ಬೀಸಿದೆ. ಅವನೂ ಬೀಸಿದ, ಯಾರಿಗೆಂದು ತಿಳಿಯದವನಂತೆ.

ಇದೆಲ್ಲ ಆಗಿ ವರ್ಷಗಳಾದವು. ಪಕ್ಕದ ಮನೆಯಲ್ಲಿ ಈಗ ಆಟಗಾರರಿಲ್ಲ, ಯಾವುದೋ ಸಾಫ್ಟ್‌ವೇರ್ ದಂಪತಿ ಇದ್ದಾರೆ, ಬೆಂಗಳೂರಿನವರು. ಮೊನ್ನೆ ಆ ಹುಡುಗ ಬೇಲಿ ಬಳಿ ನಿಂತು ಐಎಲ್‌ಆರ್‌ಗೆ ಇನ್ನು ಹದಿನಾಲ್ಕು ತಿಂಗಳು ಸರ್ ಎಂದ. ಹುಷಾರಾಗಿರು ಎಂದೆ. ಅವನ ಹೆಂಡತಿ, ಅಂದರೆ ನನ್ನ ಆ ಗೆಳೆಯನ ಹೆಂಡತಿ, ಪ್ರತಿ ವರ್ಷ ಕ್ರಿಸ್‌ಮಸ್ ಕಾರ್ಡು ಕಳಿಸುತ್ತಾಳೆ. ಎರಡು ಸಾಲು ಇರುತ್ತದೆ. ಈ ಸಲ ಹಿಂಬದಿ ತುಂಬ ಬರೆದಿದ್ದಾಳೆ.

ಅವನಿಗೆ ಈಗ ಮಾತು ಬಹಳ ಕಡಿಮೆಯಂತೆ. ಆದರೆ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಎದ್ದು ಹಿಂಬಾಗಿಲ ಬಳಿ ಹೋಗಿ ಬಲಗೈ ಚಾಚಿ ನಿಲ್ಲುತ್ತಾನಂತೆ. ಮಾತ್ರೆ ಬೇಕೇನೋ ಎಂದು ಮಾತ್ರೆ ಕೊಟ್ಟರು, ಬಿಸ್ಕೆಟ್ ಕೊಟ್ಟರು, ಕೈಗವಸು ಕೊಟ್ಟರು, ಮಗಳು ತನ್ನ ಕೈಯನ್ನೇ ಇಟ್ಟು ನೋಡಿದಳಂತೆ. ಒಂದೊಂದನ್ನೂ ನೋಡಿ ತಲೆಯಾಡಿಸಿ ಮತ್ತೆ ಕೈ ಚಾಚುತ್ತಾನೆ. ನೀವು ಅಷ್ಟು ವರ್ಷ ಪಕ್ಕದಲ್ಲಿದ್ದಿರಿ, ನಿಮಗೇನಾದರೂ ಹೊಳೆಯುತ್ತದೆಯೇ ಎಂದು ಕೇಳಿದ್ದಾಳೆ.

ಕಾರ್ಡು ಅಡುಗೆಮನೆಯ ಕಿಟಕಿಯಲ್ಲಿದೆ. ಉತ್ತರ ಒಂದೇ ಸಾಲಿನದು: ಒಂದು ಚಮಚ ಮೊಸರು ಹಾಕಿ ನೋಡಿ. ಮೂರು ಸಲ ಬರೆದೆ, ಮೂರು ಸಲ ಹರಿದೆ. ಅದನ್ನು ಬರೆದರೆ ಅದರ ಕೆಳಗೆ ಯಾರು ಹಾಕುತ್ತಿದ್ದರು, ಯಾವತ್ತು ಹಾಕಲು ಒಲ್ಲೆ ಎಂದರು, ಆಮೇಲೆ ಯಾರು ಹಾಕಿದರು ಎಂದು ಬರೆಯಲೇಬೇಕು. ಅವ್ವ ಹೇಳು ಎಂದ ಮಾತನ್ನು ಹತ್ತಿರ ಹತ್ತಿರ ಹತ್ತು ವರ್ಷ ತಡವಾಗಿ ಹೇಳಬೇಕು.

ಇವತ್ತು ಬೆಳಿಗ್ಗೆ ನಾಲ್ಕನೆಯ ಸಲ ಬರೆದೆ, ಎಲ್ಲವನ್ನೂ, ಗ್ಯಾರೇಜಿನಿಂದ ಹಿಡಿದು ಬಾಗಿಲ ಬಳಿಯ ಸುಳ್ಳಿನವರೆಗೆ. ಲಕೋಟೆಗೆ ಅಂಟು ಹಾಕಿ ಅಂಚೆಪೆಟ್ಟಿಗೆಯವರೆಗೆ ಕೋಲೂರಿಕೊಂಡು ಹೋದೆ. ಹತ್ತು ನಿಮಿಷದ ದಾರಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ರಸ್ತೆ ಒದ್ದೆಯಾಗಿತ್ತು, ಹಿಡಿಕೆ ಮಾತ್ರ ಜಾರಲಿಲ್ಲ. ಇವತ್ತು ಶುಕ್ರವಾರ. ಕೆನಡಾಕ್ಕೆ ಕಾಗದ ಮುಟ್ಟುವಷ್ಟರಲ್ಲಿ ಇನ್ನೆರಡು ಭಾನುವಾರ ಕಳೆದಿರುತ್ತವೆ. ಎರಡೂ ದಿನ ಅವನು ಆ ಬಾಗಿಲಲ್ಲಿ ಬರಿಗೈ ಚಾಚಿಕೊಂಡು ನಿಂತಿರುತ್ತಾನೆ.